ದಾಖಲೆಯಿಂದ ಊರಿಗೆ: ಒಂದು ಅಭ್ಯಾಸ ಪಾಠ

‘ಇತಿಹಾಸದ ಆಧಾರಗಳು’ ಪಾಠಕ್ಕೆ ಅಮೆರಿಕಕ್ಕೆ ವಲಸೆ ಹೋದ ಪೋಲಿಷ್ ಕುಟುಂಬವೊಂದರ ಮೂಲ ಹಳ್ಳಿ ಹುಡುಕುವ ಚಟುವಟಿಕೆ ಕೊಟ್ಟೆನು. 1905ರ ಹಡಗಿನ ಪ್ರಯಾಣಿಕರ ಪಟ್ಟಿಯ ಮಾದರಿಯನ್ನು ನಾನೇ ಸಿದ್ಧಪಡಿಸಿದ್ದೆನು. ದೇಶ: ರಷ್ಯಾ, ಊರು: ಡೊಂಬ್ರೊವಾ.

“ಪೋಲೆಂಡಿನವರು ರಷ್ಯಾದವರು ಹೇಗಾದರು?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಪೂರ್ತಿ ಹಂಚಿಕೊಂಡವು. 1918ರಲ್ಲಿ ಅದು ಮತ್ತೆ ಸ್ವತಂತ್ರವಾಯಿತು ಎಂದು ನಕಾಶೆಯಲ್ಲಿ ತೋರಿಸಿದೆನು.

ಡೊಂಬ್ರೊವಾ ಹೆಸರಿನ ಊರುಗಳು ಅಲ್ಲಿ ಹತ್ತಾರು. ಆದ್ದರಿಂದ ಹಂತಗಳನ್ನು ಬರೆಸಿದೆನು:

1. ಪೌರತ್ವದ ಅರ್ಜಿಯಲ್ಲಿ ಜನ್ಮಸ್ಥಳ ನೋಡುವುದು.
2. ಆ ಕಾಲದ ಸ್ಥಳನಾಮ ಕೋಶದಲ್ಲಿ ಊರು ಯಾವ ಚರ್ಚಿಗೆ ಸೇರಿತ್ತೆಂದು ತಿಳಿಯುವುದು.
3. ಆ ಚರ್ಚಿನ ಜನನ, ವಿವಾಹ ದಾಖಲೆಗಳನ್ನು ಓದುವುದು. ವಾರ್ಸಾ ಸುತ್ತಿನ ರಷ್ಯನ್ ಆಳ್ವಿಕೆಯ ಭಾಗದಲ್ಲಿ ಇವು 1868ರಿಂದ ರಷ್ಯನ್ ಭಾಷೆಯಲ್ಲಿವೆ.

ಮೌಲ್ಯಮಾಪನ: “ಊರಿನ ಹೆಸರು ಹೊಂದಿದರೆ ಸಾಲದು, ತಂದೆತಾಯಿಯರ ಹೆಸರೂ ಹೊಂದಬೇಕು” ಎಂದು ಮಕ್ಕಳೇ ತೀರ್ಮಾನಿಸಿದರು.