ಮಾನವಯುಗ

ಭೂಮಿಯ ದೀರ್ಘ ಇತಿಹಾಸವನ್ನು ಭೂವಿಜ್ಞಾನಿಗಳು ಹಲವು ಯುಗಗಳಾಗಿ ವಿಂಗಡಿಸಿದ್ದಾರೆ. ಈಗ ನಡೆಯುತ್ತಿರುವುದು ಸುಮಾರು 11,700 ವರ್ಷಗಳ ಹಿಂದೆ ಆರಂಭವಾದ ಹಾಲೊಸೀನ್ ಯುಗ. ಮಾನವನು ಭೂಮಿಯ ಸ್ವರೂಪವನ್ನೇ ಮಾರ್ಪಡಿಸುತ್ತಿರುವುದರಿಂದ ಈ ಕಾಲಕ್ಕೆ ‘ಆಂತ್ರೊಪೊಸೀನ್’ ಎಂಬ ಹೊಸ ಹೆಸರು ತಕ್ಕುದೆಂದು ಪಾಲ್ ಕ್ರುಟ್ಸನ್ ಹಾಗೂ ಯೂಜೀನ್ ಸ್ಟೋರ್ಮರ್ ಎಂಬ ವಿಜ್ಞಾನಿಗಳು 2000ದಲ್ಲಿ ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ‘ಆಂತ್ರೊಪೊಸ್’ ಎಂದರೆ ಮಾನವ. ‘ಕೈನೊಸ್’ ಎಂದರೆ ಹೊಸತು. ಕನ್ನಡದಲ್ಲಿ ಇದನ್ನು ಮಾನವಯುಗ ಎನ್ನಬಹುದು.

ಈ ಹೆಸರಿನ ಅರ್ಥವನ್ನು ತಿಳಿಯಲು ದಕ್ಷಿಣ ಕನ್ನಡ ಜಿಲ್ಲೆಯ ಕಬಕದ ಸುತ್ತಲಿನ ನೆಲವನ್ನು ನೋಡಿದರೆ ಸಾಕು. ಅಲ್ಲಿಯ ಮುರಕಲ್ಲು, ಮಳೆಬಿಸಿಲುಗಳಿಗೆ ಸಿಕ್ಕ ಶಿಲೆಯು ಶಿಥಿಲಗೊಂಡು ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡುದು. ಕೋರೆಯ ಯಂತ್ರವು ಅದನ್ನು ಕೆಲವೇ ದಿನಗಳಲ್ಲಿ ಕೊಯ್ದು ತೆಗೆಯುತ್ತದೆ. ಮನೆ ಕಟ್ಟಲು ಕಲ್ಲು ಬೇಕು, ನಿಜ; ಆದರೆ ಕೊಯ್ದ ಕಲ್ಲು ಮತ್ತೆ ಬೆಳೆಯುವುದನ್ನು ಯಾವ ತಲೆಮಾರೂ ಕಾಣಲಾರದು.

2024ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಸ್ಥೆಯು ಈ ಹೊಸ ಯುಗವನ್ನು ಅಂಗೀಕರಿಸಲಿಲ್ಲ. ಆದುದರಿಂದ ಶಾಸ್ತ್ರದ ಕಾಲಗಣನೆಯಲ್ಲಿ ಈಗಲೂ ಹಾಲೊಸೀನ್ ಯುಗವೇ ನಡೆದಿದೆ. ಆದರೂ ಮಾನವನ ಪ್ರಭಾವವನ್ನು ಆ ಸಂಸ್ಥೆಯು ಅಲ್ಲಗಳೆಯಲಿಲ್ಲ. ಮಾನವಯುಗವೆಂಬ ಮಾತು ಬಳಕೆಯಲ್ಲಿ ಉಳಿದು, ಮಾನವನಿಗೆ ಅವನ ಹೊಣೆಯನ್ನು ನೆನಪಿಸುತ್ತಿದೆ.