ಬಾಲ್ಯದ ಕಷ್ಟ ಮತ್ತು ಪ್ರಾಯದ ವ್ಯಕ್ತಿತ್ವ: ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಮಾನ್ಯ ಡಾಕ್ಟರರೆ, ನಾನು 32 ವರ್ಷದ ಶಿಕ್ಷಕಿ. ತಂದೆಯವರು ಕುಡಿದು ಬಂದು ಅಮ್ಮನನ್ನೂ ನಮ್ಮನ್ನೂ ಹೊಡೆಯುತ್ತಿದ್ದರು. ಈಗ ಯಾರನ್ನಾದರೂ ಹಚ್ಚಿಕೊಂಡರೆ ಅತಿಯಾಗಿ ಹಚ್ಚಿಕೊಳ್ಳುತ್ತೇನೆ. ಅವರು ಒಮ್ಮೆ ಫೋನ್ ಎತ್ತದಿದ್ದರೆ ನನ್ನನ್ನು ಬಿಟ್ಟೇಬಿಟ್ಟರೆಂದು ಕೈ ಕೊಯ್ದುಕೊಳ್ಳುವಷ್ಟು ಸಂಕಟವಾಗುತ್ತದೆ. ಮನೋವೈದ್ಯರು ‘ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್’ ಎಂದಿದ್ದಾರೆ. ಇದಕ್ಕೆ ನನ್ನ ಬಾಲ್ಯವೇ ಕಾರಣವೆ? ಹಾಗಾದರೆ ಅದೇ ಮನೆಯಲ್ಲಿ ಬೆಳೆದ ತಮ್ಮ ಹೇಗೆ ನೆಮ್ಮದಿಯಾಗಿದ್ದಾನೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ಮೊದಲನೆಯದರ ಉತ್ತರಕ್ಕೆ ದಾರಿ ತೋರುವುದರಿಂದ ಎರಡನ್ನೂ ಒಟ್ಟಿಗೆ ಎತ್ತಿಕೊಳ್ಳುತ್ತೇನೆ. ಬಾಲ್ಯದಲ್ಲಿ ಅನುಭವಿಸಿದ ಹಿಂಸೆ ನಿರ್ಲಕ್ಷ್ಯಗಳಿಗೂ ಪ್ರಾಯದಲ್ಲಿ ತಲೆದೋರುವ ವ್ಯಕ್ತಿತ್ವ ದೋಷಗಳಿಗೂ ಸಂಬಂಧವಿರುವುದು ಸಂದೇಹಕ್ಕೆ ಆಸ್ಪದವಿಲ್ಲದ ಸಂಗತಿಯಾದರೂ, ಆ ಸಂಬಂಧವು ರೋಗಿಯಿಂದ ಹಿಂದಕ್ಕೆ ನೋಡುವವರಿಗೆ ಒಂದು ತೆರನಾಗಿಯೂ ಮಗುವಿನಿಂದ ಮುಂದಕ್ಕೆ ನೋಡುವವರಿಗೆ ಬೇರೊಂದು ತೆರನಾಗಿಯೂ ಕಾಣುತ್ತದೆ. ನಿಮ್ಮ ಕಾಯಿಲೆಯನ್ನು ಕುರಿತ 97 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ಪರಾಮರ್ಶೆಯೊಂದರಲ್ಲಿ, ರೋಗಿಗಳ ಪೈಕಿ ನೂರಕ್ಕೆ 71 ಮಂದಿ ಬಾಲ್ಯದಲ್ಲಿ ಯಾವುದಾದರೊಂದು ಬಗೆಯ ಸಂಕಷ್ಟವನ್ನು ಉಂಡವರೆಂದು ತಿಳಿದುಬಂದಿತು. ಇದನ್ನು ಓದಿದವರು ಬಾಲ್ಯವೇ ಸರ್ವಕಾರಣವೆಂದು ನಿಶ್ಚಯಿಸಿಬಿಡುವುದು ಸಹಜ.

ಆದರೆ ಮಕ್ಕಳನ್ನೇ ಮೊದಲು ಗುರುತಿಸಿ, ಅವರು ಬೆಳೆದು ದೊಡ್ಡವರಾಗುವ ತನಕ ಕಾದು ನೋಡಿದವರ ವರದಿ ಹೆಚ್ಚು ಎಚ್ಚರದ್ದು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಎರಡು ಜಿಲ್ಲೆಗಳ 639 ಮಕ್ಕಳನ್ನೂ ಅವರ ತಾಯಂದಿರನ್ನೂ 1975ರಿಂದ 1993ರ ವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ, ಹಿಂಸೆಗೋ ನಿರ್ಲಕ್ಷ್ಯಕ್ಕೋ ತುತ್ತಾದರೆಂದು ದಾಖಲೆಯಿದ್ದ ಮಕ್ಕಳಲ್ಲಿ ವ್ಯಕ್ತಿತ್ವ ದೋಷದ ಸಂಭವವು ಉಳಿದವರಿಗಿಂತ ನಾಲ್ಕು ಪಟ್ಟಿಗೂ ಮೀರಿದ್ದಿತು. ಇದು ಅಲ್ಪವಲ್ಲ. ಆದರೂ ಸಂಭವ ಹೆಚ್ಚಾಗುವುದು ಬೇರೆ, ವಿಧಿಲಿಖಿತವಾಗುವುದು ಬೇರೆ. ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ 1955ರಲ್ಲಿ ಜನಿಸಿದ 698 ಶಿಶುಗಳ ಜೀವನವನ್ನು ದಶಕಗಳ ಕಾಲ ಗಮನಿಸಿದ ಎಮಿ ವರ್ನರ್ ಎಂಬ ವಿದುಷಿಯು, ಬಡತನ, ಕುಡಿತ, ಕಲಹಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಮೂರರಲ್ಲೊಂದು ಪಾಲು ಸಮರ್ಥರಾಗಿ ಬಾಳುವುದನ್ನು ಕಂಡರು. ಅಂಥ ಮಕ್ಕಳ ಬದುಕಿನಲ್ಲಿ ಹೆತ್ತವರಲ್ಲದಿದ್ದರೂ ಅಜ್ಜಿಯೋ, ನೆರೆಯವರೋ, ಉಪಾಧ್ಯಾಯರೋ, ನೆಚ್ಚತಕ್ಕ ಒಂದು ಹಿರಿಯ ಜೀವ ಇದ್ದುದು ಮತ್ತೆಮತ್ತೆ ಕಂಡುಬಂದಿತು.

ನಿಮ್ಮ ತಮ್ಮನಿಗೆ ಅಂಥವರು ಯಾರಾದರೂ ದೊರೆತಿರಬಹುದು. ತಂದೆಯವರ ಕೋಪವು ಹಿರಿಯ ಮಗಳಾದ ನಿಮ್ಮ ಮೇಲೆಯೇ ಮೊದಲು ಬಿದ್ದು ಅವನ ಪಾಲಿಗೆ ಕಡಮೆ ಉಳಿದಿರಬಹುದು. ಹುಟ್ಟಿನಿಂದಲೇ ಅವನ ಸ್ವಭಾವ ನಿಮ್ಮಷ್ಟು ಸೂಕ್ಷ್ಮವಲ್ಲದೆಯೂ ಇರಬಹುದು. ಅವಳಿ ಮಕ್ಕಳ ಹಾಗೂ ಕುಟುಂಬಗಳ ಅಧ್ಯಯನಗಳು ಈ ಕಾಯಿಲೆಯ ಪ್ರವೃತ್ತಿಯಲ್ಲಿ ಅರ್ಧಕ್ಕೆ ಸಮೀಪವಾದ ಪಾಲನ್ನು ಆನುವಂಶಿಕತೆಗೆ ಕೊಡುತ್ತವೆ. ಒಂದೇ ಮನೆ ಇಬ್ಬರು ಮಕ್ಕಳಿಗೆ ಒಂದೇ ಮನೆಯಾಗಿರುವುದಿಲ್ಲ. ಆದುದರಿಂದ ಅವನು ಗಟ್ಟಿಗ, ನಾನು ಹೇಡಿ ಎಂಬ ಭಾವನೆಯನ್ನು ದಯಮಾಡಿ ಬಿಟ್ಟುಬಿಡಿ.

ಈ ದೋಷವು ಮೂಲತಃ ಮಗುವು ಬದುಕಿ ಉಳಿಯುವುದಕ್ಕಾಗಿ ಕಲಿತ ಉಪಾಯವೆಂದು ನಾನು ನಂಬುತ್ತೇನೆ. ರಾತ್ರಿ ಬಾಗಿಲು ತಟ್ಟುವ ಸದ್ದಿನಿಂದಲೇ ತಂದೆಯ ಚಿತ್ತಸ್ಥಿತಿಯನ್ನು ಊಹಿಸಬೇಕಾದ ಹುಡುಗಿಗೆ ಮುಖದ ಸಣ್ಣ ಬದಲಾವಣೆಯೂ ಅಪಾಯದ ಸೂಚನೆಯೇ. ಹಂದಿ ಕಾಯಲು ಹೊಲದ ಅಟ್ಟಣೆಯ ಮೇಲೆ ರಾತ್ರಿಗಳನ್ನು ಕಳೆದ ರೈತನು ಸುಗ್ಗಿ ಮುಗಿದು ಮನೆಯಲ್ಲಿ ಮಲಗಿದಾಗಲೂ ಎಲೆ ಅಲುಗಿದರೆ ಎದ್ದು ಕೂಡುವಂತೆ, ಅವಳು ಬೆಳೆದು ಸುರಕ್ಷಿತಳಾದ ಮೇಲೂ ಮೈಯೊಳಗಿನ ಆ ಕಾವಲು ನಿಲ್ಲುವುದಿಲ್ಲ. ಇದರ ಜೊತೆಗೆ, ಅತ್ತರೆ “ಅಂಥದ್ದೇನಾಯಿತು ನಿನಗೆ?” ಎಂದು ಗದರಿ, ಅನುಭವಿಸಿದ ದುಃಖವನ್ನೇ ಸುಳ್ಳೆನ್ನುವ ಪರಿಸರವಿದ್ದರೆ, ತನ್ನ ಭಾವನೆಗಳನ್ನು ತಾನೇ ಅರಿತು ಶಮನಗೊಳಿಸಿಕೊಳ್ಳುವ ವಿದ್ಯೆಯನ್ನು ಮಗು ಕಲಿಯುವುದೇ ಇಲ್ಲ. ಸಿಯಾಟಲ್ ನಗರದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅವರು 1993ರ ತಮ್ಮ ಗ್ರಂಥದಲ್ಲಿ, ಸಹಜವಾದ ಸೂಕ್ಷ್ಮ ಪ್ರಕೃತಿಯೂ ಇಂಥ ಪರಿಸರವೂ ಒಂದನ್ನೊಂದು ಬೆಳೆಸುತ್ತ ಹೋಗುವುದೇ ಈ ಕಾಯಿಲೆಯ ಬೇರೆಂದು ನಿರೂಪಿಸಿದರು. ಇಂಥ ರೋಗಿಗಳು ‘ನಾಟಕ ಮಾಡುತ್ತಾರೆ’ ಎಂಬ ಮಾತು ಆಸ್ಪತ್ರೆಗಳಲ್ಲಿಯೂ ಕೇಳಿಬರುವುದುಂಟು. ಬಾಲ್ಯದಲ್ಲಿ ಮನೆಯವರು ಆಡಿದ ಮಾತನ್ನೇ ವೈದ್ಯರ ಬಾಯಿಂದಲೂ ಕೇಳಬೇಕಾಗಿ ಬರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಕೈ ಕೊಯ್ದುಕೊಳ್ಳುವ ತುಡಿತ ಬಂದಾಗ ಒಬ್ಬರೇ ಇರಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡುವವರಿದ್ದಾರೆ.

ಪ್ರಶ್ನೆ: ಏಳು ವರ್ಷದ ಮಗನಿಗೆ ಸಿಟ್ಟಿನ ಭರದಲ್ಲಿ ಕೆಲವು ಸಲ ಹೊಡೆದಿದ್ದೇನೆ. ಅವನ ವ್ಯಕ್ತಿತ್ವ ಆಗಲೇ ಕೆಟ್ಟುಹೋಯಿತೆ?

ಉತ್ತರ: ಇಲ್ಲ, ತಾಯಿ. ಆದರೆ ಹೊಡೆತದಿಂದ ಒಳ್ಳೆಯದಾಗುವುದೆಂಬ ನಂಬಿಕೆಗೂ ಆಧಾರವಿಲ್ಲ, ಅದನ್ನು ನಿಲ್ಲಿಸಿ. ಹೊಡೆದ ದಿನ ಮಗುವಿನ ಬಳಿ ಕುಳಿತು “ನಾನು ಹಾಗೆ ಮಾಡಬಾರದಿತ್ತು” ಎನ್ನಿ. ಹಿರಿಯರು ಕಿರಿಯರಲ್ಲಿ ತಪ್ಪೊಪ್ಪಿಕೊಳ್ಳುವುದು ನಮ್ಮಲ್ಲಿ ರೂಢಿಯಿಲ್ಲವಾದರೂ ಒಡೆದ ನಂಬಿಕೆಯನ್ನು ಕೂಡಿಸುವುದಕ್ಕೆ ಅದು ಬೇಕು. ಇನ್ನು, ಹೊಡೆಯದವರೂ ನಿಶ್ಚಿಂತರಾಗಿರುವಂತಿಲ್ಲ, ಏಕೆಂದರೆ ಮಾತಿಲ್ಲದ, ಅಪ್ಪುಗೆಯಿಲ್ಲದ ಪೋಷಣೆಯೂ ಅಷ್ಟೇ ಆಳವಾಗಿ ತಾಗುತ್ತದೆ. ರುಮೇನಿಯದ ಬುಕಾರೆಸ್ಟಿನ ಅನಾಥಾಲಯಗಳಲ್ಲಿದ್ದ 136 ಶಿಶುಗಳಲ್ಲಿ ಅರ್ಧ ಮಂದಿಯನ್ನು, ಚೀಟಿಯೆತ್ತಿ ಆರಿಸಿದಂತೆ, ಸಾಕುಮನೆಗಳಿಗೆ ಕಳುಹಿಸಿ 2000ದಿಂದೀಚೆಗೆ ಹೋಲಿಸಿ ನೋಡಿದಾಗ, ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು.

ಪ್ರಶ್ನೆ: ನನ್ನ ಹೆಂಡತಿಗೂ ಇದೇ ಕಾಯಿಲೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಚಿಕಿತ್ಸೆಯಿಂದ ಪ್ರಯೋಜನವುಂಟೆ?

ಉತ್ತರ: ನಿಶ್ಚಯವಾಗಿ ಉಂಟು. ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರೀನಿ ಮತ್ತು ಅವರ ಸಹೋದ್ಯೋಗಿಗಳು, ಒಳರೋಗಿಗಳಾಗಬೇಕಾದಷ್ಟು ತೀವ್ರವಾಗಿ ನರಳುತ್ತಿದ್ದವರನ್ನೇ ಹತ್ತು ವರ್ಷ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ 93 ಮಂದಿಯಲ್ಲಿ ಕನಿಷ್ಠ ಎರಡು ವರ್ಷಗಳ ಕಾಲ ಲಕ್ಷಣಗಳು ಶಮನಗೊಂಡಿದ್ದವು. ಆದರೆ ಅದರೊಡನೆ ಉದ್ಯೋಗವೂ ಸ್ನೇಹಬಾಂಧವ್ಯವೂ ಚೆನ್ನಾಗಿ ನೆಲೆಗೊಂಡದ್ದು ಅರ್ಧ ಮಂದಿಗೆ ಮಾತ್ರ. ಆದುದರಿಂದ ಸಿಟ್ಟು ಕಡಮೆಯಾದೊಡನೆ ಎಲ್ಲವೂ ಸರಿಹೋಯಿತೆಂದು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಬೇಡಿ. ಇದಕ್ಕೆಂದೇ ಇರುವ ಮಾತ್ರೆಯಿಲ್ಲ; ಜೊತೆಗೂಡಿದ ಖಿನ್ನತೆಗೋ ನಿದ್ರಾಹೀನತೆಗೋ ಔಷಧ ಬೇಕಾಗಬಹುದು. ಮುಖ್ಯ ಚಿಕಿತ್ಸೆ ಮಾತಿನದು, ಲಿನೆಹನ್ ಅವರು ರೂಪಿಸಿದ ‘ಡಿಬಿಟಿ’ಯಂತಹ, ಭಾವಾವೇಗವನ್ನು ತಡೆದುಕೊಳ್ಳುವ ಕೌಶಲಗಳನ್ನು ವಾರವಾರವೂ ಅಭ್ಯಾಸ ಮಾಡಿಸುವ ಕ್ರಮ. ಅದನ್ನು ಬಲ್ಲ ಮನಶ್ಶಾಸ್ತ್ರಜ್ಞರು ಎಲ್ಲ ಊರುಗಳಲ್ಲಿಲ್ಲವೆಂಬುದು ನಿಜ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಮೊದಲು ಕಂಡು, ಅವರಿಂದ ನಿಮ್ಹಾನ್ಸ್‌ಗೋ ಹತ್ತಿರದ ವೈದ್ಯಕೀಯ ಕಾಲೇಜಿಗೋ ಪತ್ರ ಪಡೆಯಿರಿ.

ಮನೆಯಲ್ಲಿ ಆಕೆ ಸಿಡಿದಾಗ ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ಇಳಿಯದೆ, “ನಿನಗೆ ಈಗ ಬಹಳ ನೋವಾಗಿದೆ, ನಾನು ಇಲ್ಲೇ ಇದ್ದೇನೆ” ಎಂದಷ್ಟೇ ಹೇಳಿ, ಇತ್ಯರ್ಥದ ಮಾತನ್ನು ಮರುದಿನಕ್ಕೆ ಇಡಿ. ಹೊರಗೆ ಹೋಗುವಾಗ ಹಿಂದಿರುಗುವ ಹೊತ್ತನ್ನು ತಿಳಿಸಿ, ತಡವಾದರೆ ಒಂದು ಕರೆ ಮಾಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಬೀಗದಲ್ಲಿಡಿ. ಮೊದಲ ಭೇಟಿಗೆ ನೀವೂ ಜೊತೆಯಲ್ಲಿ ಹೋಗಿ, ಆಕೆಯ ಒಪ್ಪಿಗೆ ಪಡೆದು, ಇದುವರೆಗೆ ಆಕೆ ತನಗೆ ತಾನೇ ನೋವು ಮಾಡಿಕೊಂಡ ಸಂದರ್ಭಗಳನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ.