ನಿದ್ದೆಗೆಡಿಸುವ ಡಬ್ಬಿ: ಹೃದಯದ ಬಗ್ಗೆ ಇರಲಿ ಜೋಕೆ!

"ಡಾಕ್ಟ್ರೇ, ಎದೆ ಡವಡವ ಹೊಡೆದುಕೊಳ್ತಿದೆ, ಕೈ ನಡುಗ್ತಿದೆ." ಪರೀಕ್ಷೆಯ ದಿನಗಳಲ್ಲಿ ಹೀಗೆ ಹೇಳುತ್ತ ಬರುವ ಹುಡುಗರಿಗೆ ನನ್ನ ಮೊದಲ ಪ್ರಶ್ನೆ, "ರಾತ್ರಿ ಏನು ಕುಡಿದೆ?" ಹಲವರ ಉತ್ತರ: ಎನರ್ಜಿ ಡ್ರಿಂಕ್.

ಭಟ್ಕಳ, ಹೊನ್ನಾವರ, ಕುಮಟಾಗಳ ಹೆದ್ದಾರಿ ಬದಿಯ ಅಂಗಡಿಗಳಲ್ಲೂ ಈಗ ಈ ಡಬ್ಬಿ ಸಿಗುತ್ತದೆ. ವಿದ್ಯಾರ್ಥಿಗಳು, ಲಾರಿ ಚಾಲಕರು, ಬೋಟಿಗೆ ಹೋಗುವವರು ಶಕ್ತಿ ಬರುತ್ತದೆಂದು ಕುಡಿಯುತ್ತಾರೆ.

ನಿಜವಾಗಿ ಆಗುವುದೇನು?

ದಣಿದಾಗ ಮೆದುಳಿನಲ್ಲಿ ಹೆಚ್ಚಾಗುವ ಅಡಿನೋಸಿನ್ ಎಂಬ ವಸ್ತು ನಿದ್ದೆ ಬರಿಸುತ್ತದೆ. ಪೇಯದಲ್ಲಿರುವ ಕೆಫೀನ್ ಅದನ್ನು ತಡೆಯುತ್ತದೆ. ಹೋಗುವುದು ದಣಿವಲ್ಲ, ದಣಿವಿನ ಅರಿವು ಮಾತ್ರ! ಜೊತೆಗೆ ಅಡ್ರಿನಲಿನ್ ಹೆಚ್ಚಿ, ನಾಡಿಬಡಿತ, ರಕ್ತದೊತ್ತಡ ಏರುತ್ತವೆ. ಅತಿಯಾದರೆ ಬಡಿತದ ಲಯವೇ ತಪ್ಪಬಹುದು. ನಿದ್ದೆಗೆಟ್ಟು, ಕರಾವಳಿಯ ಸೆಕೆಯಲ್ಲಿ ಬೆವರಿ, ಉಪ್ಪು-ನೀರು ಕಳೆದುಕೊಂಡ ದೇಹಕ್ಕೆ ಅಪಾಯ ಇನ್ನೂ ಹೆಚ್ಚು.

ಎಷ್ಟಾದರೆ ಅತಿ?

ನಮ್ಮ ದೇಶದ ನಿಯಮದಂತೆ ಇಂಥ ಪೇಯದ ಒಂದು ಲೀಟರಿನಲ್ಲಿ 300 ಮಿ.ಗ್ರಾಂ.ಗಿಂತ ಹೆಚ್ಚು ಕೆಫೀನ್ ಇರುವಂತಿಲ್ಲ. ಅಂದರೆ 250 ಮಿ.ಲೀ. ಡಬ್ಬಿಗೆ 75 ಮಿ.ಗ್ರಾಂ. ದಿನಕ್ಕೆ 500 ಮಿ.ಲೀ. ಮೀರಬಾರದೆಂಬ ಎಚ್ಚರಿಕೆಯೂ ಡಬ್ಬಿಯ ಮೇಲಿರಬೇಕು. ನಾಲ್ಕು ಡಬ್ಬಿ ಕುಡಿದರೆ ಆ ಮಿತಿಯ ಇಮ್ಮಡಿ! ಚಹಾ, ಕಾಫಿಯ ಕೆಫೀನ್ ಬೇರೆ. ಹಲವು ಬ್ರಾಂಡ್‌ಗಳ ಒಂದೊಂದು ಡಬ್ಬಿಯಲ್ಲಿ ಸುಮಾರು ಐದು ಚಮಚ ಸಕ್ಕರೆಯೂ ಇರುತ್ತದೆ.

ಯಾರು ಕುಡಿಯಲೇಬಾರದು?

ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ರಕ್ತದೊತ್ತಡ ಅಥವಾ ಹೃದ್ರೋಗವಿರುವವರು. ಮನೆತನದಲ್ಲಿ ಎಳೆವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡವರಿದ್ದರೆ ನೀವೂ ದೂರವಿರಿ, ಒಮ್ಮೆ ಇ.ಸಿ.ಜಿ. ಮಾಡಿಸಿ. ಬಡಿತದ ಕೆಲವು ಹುಟ್ಟುದೋಷಗಳು ಹೊರಗೆ ಕಾಣವು. ಮದ್ಯದ ಜೊತೆ ಬೆರೆಸುವುದಂತೂ ಬೇಡವೇ ಬೇಡ. ಅಮಲು ಏರಿದ್ದು ತಿಳಿಯದೆ ಇನ್ನಷ್ಟು ಕುಡಿಯುವಂತಾಗುತ್ತದೆ.

ಎದೆನೋವು, ಉಸಿರಾಟಕ್ಕೆ ತೊಂದರೆ, ತಲೆಸುತ್ತಿ ಬೀಳುವುದು, ನಿಲ್ಲದ ಎದೆಬಡಿತ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ನಮ್ಮ ಕಡೆಯ ಹೃದ್ರೋಗಿಗಳನ್ನು ಹೆಚ್ಚಿನ ಚಿಕಿತ್ಸೆಗೆ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯಬೇಕಾಗುವುದುಂಟು. ಆ ದಾರಿಯಲ್ಲಿ ಒಂದೊಂದು ನಿಮಿಷವೂ ಅಮೂಲ್ಯ.

ಬಾಯಾರಿದರೆ ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಹಣ್ಣಿನ ಪಾನಕ ಇವೆ. ನಿದ್ದೆ ಬಂದರೆ ಚಾಲಕರು ಗಾಡಿ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಮಲಗಲಿ. ವಿದ್ಯಾರ್ಥಿಗಳೇ, ಓದಿದ್ದು ನೆನಪಿನಲ್ಲಿ ಉಳಿಯಲೂ ನಿದ್ದೆ ಬೇಕು. ನಿದ್ದೆಯ ಸಾಲವನ್ನು ನಿದ್ದೆಯಿಂದಲೇ ತೀರಿಸಬೇಕು, ಡಬ್ಬಿಯಿಂದಲ್ಲ.